ಅಂದು ಸಂಜೆ ಆತನು ಸುತ್ತಲೂ ನೋಡಿದನು

(ಆಲಯಾಭಿಮಾನ ಮತ್ತು ಆಲಯಭಕ್ತಿ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)

ಬಂಧುಗಳೇ,

ಆಲಯದ ಮೇಲಿನ ಅಭಿಮಾನ ಎಂದೊಡನೆ ನಮ್ಮೆಲ್ಲರ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಮಗುಚಿಬಿದ್ದ ಮೇಜುಗಳು, ನೆಲದ ಮೇಲೆ ಉರುಳುವ ನಾಣ್ಯಗಳು, ಬೆದರಿ ಓಡುವ ಕುರಿಗಳು, ಅವುಗಳ ನಡುವೆ ಚಾಟಿ ಹಿಡಿದು ನಿಂತ ಯೇಸು. ಆ ಚಿತ್ರಕ್ಕೆ ನಾನೂ ಬರುತ್ತೇನೆ. ಆದರೆ ಅದಕ್ಕೂ ಹಿಂದಿನ ಒಂದು ಸಂಜೆಯಿದೆ. ಅದನ್ನು ನಾವು ಓದಿಯೂ ಓದದವರಂತೆ ದಾಟಿಹೋಗುತ್ತೇವೆ. ಇಂದು ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮಾರ್ಕನ ಸುವಾರ್ತೆ, 11ನೆಯ ಅಧ್ಯಾಯ, 11ನೆಯ ವಚನ. ಯೇಸು ಕತ್ತೆಮರಿಯ ಮೇಲೆ ಕುಳಿತು ಯೆರೂಸಲೇಮನ್ನು ಪ್ರವೇಶಿಸಿದ ದಿನವದು. ಜನರು ದಾರಿಯಲ್ಲಿ ಬಟ್ಟೆ ಹಾಸಿದ್ದರು, ಹೊಸನ್ನ ಎಂದು ಕೂಗಿದ್ದರು. ಇಡೀ ಗುಂಪು ಬೆನ್ನಿಗಿತ್ತು. ಏನಾದರೂ ದೊಡ್ಡದನ್ನು ಮಾಡಿ ತೋರಿಸುವವರಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಆತನು ದೇವಾಲಯಕ್ಕೆ ಹೋದನು, ಅಲ್ಲಿದ್ದುದನ್ನೆಲ್ಲ ಸುತ್ತಲೂ ನೋಡಿದನು, ಹೊತ್ತು ಮುಳುಗಿದ್ದರಿಂದ ಹನ್ನೆರಡು ಮಂದಿ ಶಿಷ್ಯರೊಡನೆ ಬೇಥಾನ್ಯಕ್ಕೆ ಹೊರಟುಹೋದನು. ಮೇಜುಗಳನ್ನು ಕೆಡವಿದ್ದು ಮರುದಿನ.

ನಡುವಿನ ಆ ರಾತ್ರಿ ನನ್ನನ್ನು ಬಹಳ ಕಾಡಿದೆ. ಕಂಡದ್ದನ್ನು ಎದೆಯಲ್ಲಿ ಹೊತ್ತುಕೊಂಡು ಆತನು ಮಲಗಿದ್ದಾನೆ. ಗುಂಪಿನ ಕೂಗು ಅಡಗಿದೆ. ಬೆಳಗಾದ ಮೇಲೆ ಎದ್ದು ಹೋಗಿ ಮಾಡಿದ ಕೆಲಸವನ್ನು ಸಿಟ್ಟಿನ ಭರದಲ್ಲಿ ಆದದ್ದು ಎನ್ನಲು ಬರುವುದಿಲ್ಲ. ಯೋಹಾನನು ಈ ಪ್ರಸಂಗವನ್ನು ಯೇಸುವಿನ ಸೇವೆಯ ಆರಂಭದಲ್ಲಿಟ್ಟಿದ್ದಾನೆ, ಉಳಿದ ಮೂವರು ಸುವಾರ್ತೆ ಬರೆದವರು ಕೊನೆಯ ವಾರದಲ್ಲಿಟ್ಟಿದ್ದಾರೆ. ಇದು ಒಮ್ಮೆ ನಡೆಯಿತೋ ಎರಡು ಬಾರಿಯೋ ಎಂಬ ಚರ್ಚೆ ಹಳೆಯದು, ಅದನ್ನು ಇಂದು ಎತ್ತುವುದಿಲ್ಲ. ಯೋಹಾನನ ಬರವಣಿಗೆಯಲ್ಲೂ ಇದೇ ಗುಣವಿದೆ ಎಂಬುದಷ್ಟೇ ನನ್ನ ಮಾತು. ಆತನು ಹಗ್ಗಗಳಿಂದ ಚಾಟಿ ಮಾಡಿಕೊಂಡನು ಎನ್ನುತ್ತಾನೆ ಯೋಹಾನ. ಹಗ್ಗ ಹುಡುಕಬೇಕು, ಎಳೆ ಸೇರಿಸಬೇಕು, ಹೆಣೆಯಬೇಕು. ಕೋಪ ನೆತ್ತಿಗೇರಿದವನು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ, ಕುಳಿತು ಹೆಣೆಯುವುದಿಲ್ಲ.

ಇನ್ನೂ ಒಂದು ಸಂಗತಿಯನ್ನು ಹತ್ತಿರದಿಂದ ನೋಡಿ. ಯೋಹಾನನ ಪ್ರಕಾರ ಆತನು ಕುರಿ, ಎತ್ತುಗಳನ್ನು ಹೊರಗಟ್ಟಿದನು, ಚಿನಿವಾರರ ಹಣವನ್ನು ಚೆಲ್ಲಿದನು. ಪಾರಿವಾಳ ಮಾರುವವರ ಬಳಿ ಬಂದಾಗ ಮಾತ್ರ, ಇವುಗಳನ್ನು ಇಲ್ಲಿಂದ ತೆಗೆದುಕೊಂಡು ಹೋಗಿರಿ ಎಂದು ಬಾಯಲ್ಲಿ ಹೇಳಿದನು. ಓಡಿಹೋದ ಎತ್ತು ಸಿಗುತ್ತದೆ, ಚೆಲ್ಲಿದ ನಾಣ್ಯವನ್ನು ಆಯ್ದುಕೊಳ್ಳಬಹುದು. ಹಾರಿಹೋದ ಪಾರಿವಾಳ ತಿರುಗಿ ಬರುವುದಿಲ್ಲ. ಮಾರ್ಕನು ಪಾರಿವಾಳ ಮಾರುವವರ ಆಸನಗಳನ್ನು ಕೆಡವಿದ ಮಾತು ಹೇಳುತ್ತಾನೆ ನಿಜ, ಆದರೆ ಅವನೂ ಪಂಜರಗಳ ಮಾತೆತ್ತುವುದಿಲ್ಲ. ಪಾರಿವಾಳ ಬಡವರ ಕಾಣಿಕೆ. ಕುರಿಮರಿ ತರಲು ಶಕ್ತಿಯಿಲ್ಲದ ತಾಯಿ ಎರಡು ಪಾರಿವಾಳಗಳನ್ನು ತಂದರೆ ಸಾಕೆಂದು ಯಾಜಕಕಾಂಡದ ವಿಧಿಯಿತ್ತು. ಮರಿಯಳೂ ಯೋಸೇಫನೂ ಶಿಶುವಾಗಿದ್ದ ಯೇಸುವನ್ನು ಇದೇ ದೇವಾಲಯಕ್ಕೆ ತಂದಾಗ ಅರ್ಪಿಸಿದ್ದು ಆ ಬಡವರ ಕಾಣಿಕೆಯನ್ನೇ ಎಂದು ಲೂಕನು ಬರೆದಿದ್ದಾನೆ. ಚಾಟಿ ಹಿಡಿದ ಕೈಗೆ ಯಾವುದನ್ನು ಮುಟ್ಟಬಾರದು ಎಂಬುದೂ ಗೊತ್ತಿತ್ತು.

ಇದನ್ನು ನೋಡಿದ ಶಿಷ್ಯರಿಗೆ ನೆನಪಾದದ್ದು 69ನೆಯ ಕೀರ್ತನೆಯ ಮಾತು, ನಿನ್ನ ಆಲಯದ ಅಭಿಮಾನ ನನ್ನನ್ನು ದಹಿಸಿಬಿಟ್ಟಿದೆ ಎಂಬುದು. ಈ ಮಾತು ಕನ್ನಡಕ್ಕೆ ಬರುವಾಗ ಅಭಿಮಾನ ಎಂದೂ ಆಸಕ್ತಿ ಎಂದೂ ಬಂದಿದೆ. ಮೂಲದ ಹೀಬ್ರೂ ಪದಕ್ಕೆ ಅಸೂಯೆ ಎಂಬ ಅರ್ಥವೂ ಇದೆ. ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಒಳ್ಳೆಯದಕ್ಕಾಗಿ ಉರಿಯುವುದನ್ನೂ ಕಿಚ್ಚು ಎನ್ನುತ್ತೇವೆ, ಇನ್ನೊಬ್ಬರನ್ನು ಕಂಡು ಕರುಬುವುದನ್ನೂ ಹೊಟ್ಟೆಕಿಚ್ಚು ಎನ್ನುತ್ತೇವೆ. ಅಭಿಮಾನ ಎಂಬ ಪದವೂ ಹಾಗೆಯೇ ಇಬ್ಬಗೆಯದು. ಅದರಲ್ಲಿ ಪ್ರೀತಿಯೂ ಇದೆ, ನಾನು ಎಂಬುದೂ ಇದೆ. ಆಲಯಾಭಿಮಾನ ಎಲ್ಲಿಗೆ ಮುಗಿದು ದುರಭಿಮಾನ ಎಲ್ಲಿ ಶುರುವಾಗುತ್ತದೆ? ಬಾಗಿಲಲ್ಲಿ ನಿಂತವನಿಗೆ ಅದು ಗೊತ್ತೇ ಆಗುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ.

ಹಲವು ವರ್ಷ ನಾನು ಸಭೆಯ ಹಿರಿಯನಾಗಿದ್ದೆ. ಆರಾಧನೆಯ ಹೊತ್ತಿಗೆ ಬಾಗಿಲ ಬಳಿ ನಿಂತು ಜನರನ್ನು ಕೂರಿಸುವುದು, ಗದ್ದಲವಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದನ್ನು ನಾನು ಶ್ರದ್ಧೆಯಿಂದಲೇ ಮಾಡುತ್ತಿದ್ದೆ. ಒಂದು ಭಾನುವಾರ ಪ್ರಸಂಗದ ನಡುವೆ ಹಿಂದಿನ ಬೆಂಚಿನಲ್ಲಿ ಒಂದು ಮಗು ಅಳತೊಡಗಿತು. ತಾಯಿ ಒಬ್ಬಳೇ ಬಂದಿದ್ದಳು. ತಟ್ಟಿದಳು, ತೂಗಿದಳು, ಮಗು ಸುಮ್ಮನಾಗಲಿಲ್ಲ. ನಾನು ಹೋಗಿ ಅವಳ ಭುಜದ ಬಳಿ ಬಗ್ಗಿ ಬಾಗಿಲ ಕಡೆ ಕೈ ತೋರಿಸಿದೆ. ಮಾತನ್ನೂ ಆಡಲಿಲ್ಲ, ಬರೀ ಕೈ ತೋರಿಸಿದೆ. ಅವಳು ತಲೆತಗ್ಗಿಸಿಕೊಂಡು ಎದ್ದು ಹೋದಳು. ಆಲಯದ ಮರ್ಯಾದೆ ಕಾಪಾಡಿದೆ ಎಂದುಕೊಂಡು ನಾನು ನನ್ನ ಜಾಗಕ್ಕೆ ಮರಳಿದೆ. ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಾನು ಗಮನಿಸಲೂ ಇಲ್ಲ.

ಗಮನಿಸಿದ್ದು ಇನ್ನೊಬ್ಬರು. ಅವರ ಮಾತಿಗೆ ಆಮೇಲೆ ಬರುತ್ತೇನೆ.

ಯೇಸುವಿನ ಅಭಿಮಾನ ಯಾರಿಗಾಗಿ ಉರಿಯಿತು ಎಂಬುದನ್ನು ಸರಿಯಾಗಿ ನೋಡಬೇಕು. ಅಂದಿನ ದೇವಾಲಯ ಸಣ್ಣದಲ್ಲ. ಹೆರೋದನು ಕ್ರಿಸ್ತಪೂರ್ವ 20ರ ಸುಮಾರಿಗೆ ಅದರ ಪುನರ್ನಿರ್ಮಾಣ ಕೈಗೆತ್ತಿಕೊಂಡಿದ್ದ. ಇದನ್ನು ಕಟ್ಟಲು 46 ವರ್ಷ ಹಿಡಿಯಿತು ಎಂದು ಯೆಹೂದ್ಯರು ಯೇಸುವಿಗೇ ಹೇಳುತ್ತಾರೆ. ಇಡೀ ಆವರಣ ಸುಮಾರು 35 ಎಕರೆ. ಅದರ ಹೊರಗಿನ ವಿಶಾಲ ಅಂಗಳದವರೆಗೆ ಅನ್ಯಜನರೂ ಬರಬಹುದಿತ್ತು. ಅಲ್ಲಿಂದ ಮುಂದೆ ಒಂದು ತಡೆಗೋಡೆ, ಅದರ ಮೇಲೆ ಗ್ರೀಕ್ ಭಾಷೆಯಲ್ಲಿ ಕೆತ್ತಿದ ಎಚ್ಚರಿಕೆ: ಅನ್ಯದೇಶದವನು ಯಾರೂ ಒಳಗೆ ಕಾಲಿಡಬಾರದು, ಸಿಕ್ಕಿಬಿದ್ದವನು ತನಗೊದಗುವ ಸಾವಿಗೆ ತಾನೇ ಹೊಣೆ. ಇದು ಕೇಳಿದ ಕಥೆಯಲ್ಲ. ಆ ಕಲ್ಲುಗಳಲ್ಲೊಂದು 1871ರಲ್ಲಿ ಯೆರೂಸಲೇಮಿನಲ್ಲಿ ಸಿಕ್ಕಿತು, ಇಂದಿಗೂ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ.

ಆ ಕಲ್ಲಿನ ಈಚೆ ನಿಂತ ಒಬ್ಬ ಪರದೇಶಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಸ್ರಾಯೇಲಿನ ದೇವರನ್ನು ಹುಡುಕಿಕೊಂಡು ಬಹಳ ದೂರದಿಂದ ಬಂದವನು. ಅವನಿಗೆ ಪ್ರಾರ್ಥನೆಗೆಂದು ಇದ್ದದ್ದು ಆ ಹೊರ ಅಂಗಳ ಮಾತ್ರ. ವ್ಯಾಪಾರ ಕೂತದ್ದೂ ಅಲ್ಲೇ. ಎತ್ತುಗಳ ಗಂಜಲ, ಚೌಕಾಸಿಯ ಕೂಗು, ಆಲಯದ ತೆರಿಗೆಗೆ ತೂರ್ ಪಟ್ಟಣದ ಬೆಳ್ಳಿ ನಾಣ್ಯವೇ ಬೇಕಾದ್ದರಿಂದ ನಾಣ್ಯ ಬದಲಿಸುವವರ ಸಾಲು. ಒಳಗೆ ಧೂಪ ಕ್ರಮವಾಗಿ ಏರುತ್ತಿತ್ತು, ಯಾಜಕರ ಬಟ್ಟೆ ಬೆಳ್ಳಗಿತ್ತು, ಒಂದು ವಿಧಿಯೂ ತಪ್ಪಿರಲಿಲ್ಲ. ಹೊರಗಿನವನ ಜಾಗವನ್ನು ಮಾತ್ರ ನುಂಗಿಹಾಕಿದ್ದರು. ಒಳಗಿನವರಿಗೆ ಅದರಿಂದ ಅಡ್ಡಿಯಾಗದೆ ಇದ್ದದ್ದರಿಂದ ಯಾರಿಗೂ ಅದು ಅಪವಿತ್ರವೆನಿಸಿರಲಿಲ್ಲ.

ಯೇಸು ಅಲ್ಲಿ ಪ್ರವಾದಿ ಯೆಶಾಯನ 56ನೆಯ ಅಧ್ಯಾಯದ ಮಾತನ್ನು ಎತ್ತುತ್ತಾನೆ. ದೇವರ ಮನೆ ಪ್ರಾರ್ಥನಾಲಯ ಎನ್ನಿಸಿಕೊಳ್ಳುವುದು ಎಂಬಷ್ಟನ್ನು ಮತ್ತಾಯನೂ ಲೂಕನೂ ಬರೆದಿದ್ದಾರೆ. ಸಮಸ್ತ ಜನಾಂಗಗಳಿಗೂ ಎಂಬ ಪದಗಳನ್ನು ಉಳಿಸಿಕೊಟ್ಟವನು ಮಾರ್ಕ. ಯೆಶಾಯನ ಆ ಅಧ್ಯಾಯವನ್ನು ಮನೆಗೆ ಹೋಗಿ ಪೂರ್ತಿ ಓದಿ. ಅಲ್ಲಿ ದೇವರು ಒಳಗೆ ಕರೆಯುವುದು ಯಾರನ್ನು? ಪರದೇಶಿಗಳನ್ನು, ನಪುಂಸಕರನ್ನು, ತಾವು ದೇವಜನರಿಂದ ಹೊರಗಿನವರು ಎಂದುಕೊಂಡು ಬಾಗಿಲಲ್ಲೇ ನಿಂತವರನ್ನು. ಮೇಜು ಉರುಳಿದ ಕೂಡಲೇ ಆ ಜಾಗ ಖಾಲಿ ಬೀಳಲಿಲ್ಲ. ಮತ್ತಾಯನ 21ನೆಯ ಅಧ್ಯಾಯದಲ್ಲಿ ಮುಂದಿನ ವಚನವೇ ಹೇಳುತ್ತದೆ: ಕುರುಡರೂ ಕುಂಟರೂ ದೇವಾಲಯದಲ್ಲಿ ಆತನ ಬಳಿಗೆ ಬಂದರು, ಆತನು ಅವರನ್ನು ಗುಣಪಡಿಸಿದನು. ದಾವೀದನ ಕಾಲದಿಂದ, ಕುರುಡರೂ ಕುಂಟರೂ ಮನೆಯೊಳಕ್ಕೆ ಬರಬಾರದು ಎಂಬ ಗಾದೆಯೇ ಇತ್ತು. 2 ಸಮುವೇಲ 5ರಲ್ಲಿ ಅದು ದಾಖಲಾಗಿದೆ. ಅದೇ ಕುರುಡರು, ಅದೇ ಕುಂಟರು ಈಗ ಒಳಗೆ. ಅವರ ಹಿಂದೆ ಮಕ್ಕಳು. ದೇವಾಲಯದೊಳಗೆ ಮಕ್ಕಳು ಹೊಸನ್ನ ಎಂದು ಕೂಗುತ್ತಿದ್ದರು. ಆ ಕೂಗಿಗೆ ಸಿಡಿಮಿಡಿಗೊಂಡವರು ಮಹಾಯಾಜಕರು ಮತ್ತು ಶಾಸ್ತ್ರಿಗಳು. ಎತ್ತುಗಳ ಕೂಗು ಅವರ ಕಿವಿಗೆ ಬಿದ್ದಿರಲಿಲ್ಲ, ಮಕ್ಕಳ ಕೂಗು ಬಿತ್ತು.

ಈ ವಚನವನ್ನು ನಾನು ಆ ಭಾನುವಾರಕ್ಕೂ ಮುಂಚೆ ಎಷ್ಟೋ ಸಲ ಓದಿದ್ದೆ. ಬೇರೆಯವರಿಗೆ ವಿವರಿಸಿಯೂ ಇದ್ದೆ.

ಹಾಗಾದರೆ ಆಲಯದಲ್ಲಿ ಶಿಸ್ತು ಬೇಡವೇ, ಮೌನ ಬೇಡವೇ, ಸಂತೆಯಂತಿದ್ದರೂ ಸರಿಯೇ ಎಂದು ನೀವು ಕೇಳಬಹುದು. ಖಂಡಿತ ಸರಿಯಲ್ಲ. ಇಂದು ನಮ್ಮ ನಡುವೆ ಭಯಭಕ್ತಿ ತೆಳುವಾಗುತ್ತಿದೆ ಎಂಬ ಕೊರಗು ನನಗೆ ಆಳವಾಗಿಯೇ ಇದೆ. ಮಾರ್ಕನು ಮಾತ್ರ ಹೇಳುವ ಇನ್ನೊಂದು ಪುಟ್ಟ ವಚನವಿದೆ, 11ನೆಯ ಅಧ್ಯಾಯದ 16ನೆಯದು: ಯಾರೂ ಯಾವುದೇ ಸಾಮಾನನ್ನು ಹೊತ್ತುಕೊಂಡು ದೇವಾಲಯವನ್ನು ಹಾದುಹೋಗಲು ಆತನು ಬಿಡಲಿಲ್ಲ. ಇದೇನು ಇಷ್ಟು ಸಣ್ಣ ವಿಷಯ ಎನಿಸುತ್ತದೆ. ಸುಮಾರು ಕ್ರಿಸ್ತಶಕ 200ರಲ್ಲಿ ಸಂಗ್ರಹವಾದ ಯೆಹೂದ್ಯರ ಮಿಶ್ನಾ ಗ್ರಂಥವೂ ಇದೇ ಮಾತಾಡುತ್ತದೆ. ದೇವಾಲಯದ ಬೆಟ್ಟಕ್ಕೆ ಕೋಲು ಹಿಡಿದು, ಕೆರ ಮೆಟ್ಟಿಕೊಂಡು, ಹಣದ ಚೀಲ ಕಟ್ಟಿಕೊಂಡು, ಕಾಲಿನ ಧೂಳಿನೊಡನೆ ಹೋಗಬಾರದು. ಅದನ್ನು ಒಳದಾರಿಯಾಗಿ ಬಳಸಬಾರದು. ಪಟ್ಟಣದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ದೇವಾಲಯದ ನಡುವೆ ನುಗ್ಗಿದರೆ ನಾಲ್ಕು ಹೆಜ್ಜೆ ಉಳಿಯುತ್ತದೆ. ಆ ಹೊರೆ ಹೊತ್ತವನು ಕಳ್ಳನಲ್ಲ, ಮೋಸಗಾರನೂ ಅಲ್ಲ. ಅವನಿಗೆ ಬೇರೆಲ್ಲಿಗೋ ಹೋಗಬೇಕಿದೆ, ಅಷ್ಟೇ. ದೇವರ ಮನೆ ಅವನಿಗೆ ದಾರಿ.

ನಾವು ಹೊತ್ತು ತರುವ ಸಾಮಾನು ಬೇರೆ. ಕೈಯಲ್ಲಿ ಮೊಬೈಲ್, ಅದರಲ್ಲಿ ಅರ್ಧ ಓದಿದ ಸಂದೇಶ, ತಲೆಯಲ್ಲಿ ಸೋಮವಾರದ ಕಚೇರಿ. ಮುಗಿಯುವ ಹೊತ್ತಿಗೆ ಬರುತ್ತೇವೆ, ಆಶೀರ್ವಾದದ ಮಾತು ಮುಗಿಯುವ ಮೊದಲೇ ಗಾಡಿಯ ಕೀಲಿ ಹುಡುಕುತ್ತೇವೆ. ದೇವರ ಮನೆಗೆ ಹೋಗುವಾಗ ನಿನ್ನ ಹೆಜ್ಜೆಯನ್ನು ಗಮನಿಸು, ಕಿವಿಗೊಡಲು ಹತ್ತಿರ ಹೋಗು ಎಂದು ಪ್ರಸಂಗಿ 5ನೆಯ ಅಧ್ಯಾಯ ಹೇಳುವುದು ನಮ್ಮಂಥವರಿಗೆ. ಸೊಲೊಮೋನನು ಮೊದಲ ದೇವಾಲಯವನ್ನು ಏಳು ವರ್ಷ ಕಟ್ಟಿಸಿದನು. ಕಲ್ಲುಗಳನ್ನು ಗಣಿಯಲ್ಲೇ ಪೂರ್ತಿಯಾಗಿ ಕಡೆದು ತರುತ್ತಿದ್ದರಂತೆ. ಕಟ್ಟುವ ಸ್ಥಳದಲ್ಲಿ ಸುತ್ತಿಗೆಯಾಗಲಿ ಕೊಡಲಿಯಾಗಲಿ ಬೇರಾವ ಕಬ್ಬಿಣದ ಉಪಕರಣವಾಗಲಿ ಶಬ್ದ ಮಾಡಲಿಲ್ಲ ಎಂದು 1 ಅರಸುಗಳು 6ನೆಯ ಅಧ್ಯಾಯ ಹೇಳುತ್ತದೆ. ಅದನ್ನು ಓದಿದಾಗಲೆಲ್ಲ ಆ ಗಣಿಯಲ್ಲಿ ಕೆಲಸ ಮಾಡಿದವರು ನನಗೆ ನೆನಪಾಗುತ್ತಾರೆ. ಬೆವರು, ಧೂಳು, ಕಿವಿಗಡಚಿಕ್ಕುವ ಸದ್ದು ಎಲ್ಲವನ್ನೂ ಅವರು ತಮ್ಮಲ್ಲೇ ಇಟ್ಟುಕೊಂಡು, ಮೌನವಾಗಿ ಕೂರಬಲ್ಲ ಕಲ್ಲನ್ನು ಮಾತ್ರ ಬೆಟ್ಟಕ್ಕೆ ಕಳಿಸಿದರು. ಭಕ್ತಿಯ ದುಡಿಮೆಯೆಲ್ಲ ಬಹುಪಾಲು ಹೀಗೆ ದೂರದಲ್ಲೇ, ಮೊದಲೇ ನಡೆದುಹೋಗುತ್ತದೆ. ಭಾನುವಾರದ ಮೌನ ಶನಿವಾರ ರಾತ್ರಿ ತಯಾರಾಗಬೇಕು.

ಅದೇ ಸೊಲೊಮೋನನು ಕಟ್ಟಡ ಮುಗಿದು ಪ್ರತಿಷ್ಠೆಯ ದಿನ ಕೈಯೆತ್ತಿ ಮಾಡಿದ ಪ್ರಾರ್ಥನೆಯಲ್ಲಿ, ಆಕಾಶವೂ ಉನ್ನತೋನ್ನತವಾದ ಆಕಾಶವೂ ನಿನ್ನನ್ನು ಹಿಡಿಸಲಾರವು, ನಾನು ಕಟ್ಟಿದ ಈ ಮನೆ ಎಷ್ಟರದು ಎಂದು ಕೇಳುತ್ತಾನೆ. ಏಳು ವರ್ಷದ ಶ್ರಮದ ಎದುರು ನಿಂತು ಹೀಗೆ ಹೇಳುವುದು ಸುಲಭವಲ್ಲ. ಅದೇ ಪ್ರಾರ್ಥನೆಯಲ್ಲಿ, ದೂರದೇಶದಿಂದ ಬಂದ ಪರದೇಶಿ ಈ ಮನೆಯ ಕಡೆ ತಿರುಗಿ ಬೇಡಿದರೆ ಅವನ ಮೊರೆಯನ್ನು ಲಾಲಿಸು ಎಂದೂ ಬೇಡುತ್ತಾನೆ. ಆಲಯದ ಪ್ರತಿಷ್ಠೆಯ ದಿನವೇ ಹೊರಗಿನವನ ಜಾಗವನ್ನು ಗುರುತಿಸಿಟ್ಟಿದ್ದರು. ಯೇಸು ಹೊಸದೇನನ್ನೂ ಕೇಳಲಿಲ್ಲ, ಮೊದಲೇ ಕೊಟ್ಟದ್ದನ್ನು ಬಿಡಿಸಿಕೊಟ್ಟನು.

ಕಟ್ಟಡವೇ ನಮ್ಮನ್ನು ಕಾಯುತ್ತದೆ ಎಂದು ನಂಬಿದವರೂ ಇದ್ದರು. ಯೆಹೋವನ ಆಲಯ, ಯೆಹೋವನ ಆಲಯ, ಯೆಹೋವನ ಆಲಯ ಎಂದು ಮೂರು ಸಲ ಹೇಳಿಕೊಳ್ಳುತ್ತಿದ್ದ ಆ ಜನರಿಗೆ ಪ್ರವಾದಿ ಯೆರೆಮೀಯನು ಆಲಯದ ಬಾಗಿಲಲ್ಲೇ ನಿಂತು ಹೇಳಿದ್ದು 7ನೆಯ ಅಧ್ಯಾಯದಲ್ಲಿದೆ. ಪರದೇಶಿ, ಅನಾಥ, ವಿಧವೆಯರನ್ನು ಹಿಂಸಿಸುತ್ತೀರಿ, ಕದಿಯುತ್ತೀರಿ, ಕೊಲ್ಲುತ್ತೀರಿ, ಆಮೇಲೆ ಇಲ್ಲಿಗೆ ಬಂದು ನಾವು ಸುರಕ್ಷಿತರು ಎನ್ನುತ್ತೀರಿ. ಈ ಮನೆ ನಿಮಗೆ ಕಳ್ಳರ ಗವಿಯಾಯಿತೇ? ಮೇಜುಗಳನ್ನು ಕೆಡವಿದ ದಿನ ಯೇಸು ಬಳಸಿದ್ದು ಈ ಮಾತನ್ನೇ. ಗವಿ ಕಳ್ಳತನ ನಡೆಯುವ ಜಾಗವಲ್ಲ, ಕಳ್ಳತನ ಮಾಡಿ ಬಂದು ಅಡಗುವ ಜಾಗ. ವಾರವೆಲ್ಲ ಹೊರಗೆ ಮಾಡಿದ್ದಕ್ಕೆ ಭಾನುವಾರ ಒಳಗೆ ಮುಸುಕು ಹಾಕುವುದು. ಕ್ರಿಸ್ತಪೂರ್ವ 586ರಲ್ಲಿ ಆ ಆಲಯ ಸುಟ್ಟುಹೋಯಿತು. ಹೆರೋದನದು ಕ್ರಿಸ್ತಶಕ 70ರಲ್ಲಿ.

ಆಮೇಲೆ ಕ್ರೈಸ್ತರಿಗೆ ಆಲಯ ಯಾವುದು? ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ, ನೀವು ದೇವರ ಆಲಯವಾಗಿದ್ದೀರಿ ಎನ್ನುತ್ತಾನೆ. ಕನ್ನಡದಲ್ಲಿ ಒಬ್ಬರಿಗೂ ಮರ್ಯಾದೆಗೆ ನೀವು ಎನ್ನುವುದರಿಂದ, ನಾನು ಒಬ್ಬನೇ ದೇವರ ಆಲಯ ಎಂದು ಓದಿಕೊಳ್ಳುವವರಿದ್ದಾರೆ. 6ನೆಯ ಅಧ್ಯಾಯದಲ್ಲಿ ದೇಹದ ವಿಷಯವಾಗಿ ಬರೆದಾಗ ಹಾಗೆ ಒಬ್ಬೊಬ್ಬರಿಗೂ ಅನ್ವಯಿಸಿಕೊಳ್ಳಬಹುದು. 3ನೆಯ ಅಧ್ಯಾಯದಲ್ಲಿ ಅದು ಬಹುವಚನದ ನೀವು. ಅಲ್ಲಿ ವಿಷಯವೇ ಸಭೆಯೊಳಗಿನ ಪಂಗಡಗಳು. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಬಡಿದಾಡುತ್ತಿದ್ದವರಿಗೆ ಅವನು ಹೇಳುವುದು: ನೀವೆಲ್ಲ ಸೇರಿ ಆ ಆಲಯ, ಅದನ್ನು ಕೆಡಿಸುವವನನ್ನು ದೇವರು ಕೆಡಿಸುವನು. ಆ ಸಭೆಯವರಿಗೆ ಇನ್ನೂ ಸ್ವಂತ ಕಟ್ಟಡವಿರಲಿಲ್ಲ. ಮನೆಗಳಲ್ಲೇ ಕೂಡುತ್ತಿದ್ದರು. ಕಲ್ಲಿಲ್ಲ, ಗೋಪುರವಿಲ್ಲ, ಆದರೂ ಅಪವಿತ್ರಗೊಳಿಸಲು ಒಂದು ಆಲಯವಿತ್ತು. ಉಳ್ಳವರು ಮೊದಲೇ ಉಂಡು ಕುಡಿದು ಮತ್ತರಾಗಿ, ಇಲ್ಲದವರು ಹಸಿದು ಕುಳಿತ ಪ್ರಭುಭೋಜನದಲ್ಲಿ ಅದು ಅಪವಿತ್ರವಾಯಿತು. ವೇದಿಕೆಯ ವಸ್ತ್ರ ಯಾವ ಬಣ್ಣದ್ದಿರಬೇಕೆಂದು ಜಗಳವಾಡಿ ಎರಡು ಬಣವಾಗುವ ಸಭೆಗಳು ಈ ಅಧ್ಯಾಯವನ್ನು ಮೊಣಕಾಲೂರಿ ಓದಬೇಕು. ವಸ್ತ್ರಕ್ಕೆ ಕಲೆಯಾಗಲಿಲ್ಲ, ಆಲಯಕ್ಕಾಯಿತು.

ಸಿರಿಯಾ ದೇಶದ ದೂರಾ ಯೂರೋಪೊಸ್ ಎಂಬಲ್ಲಿ, ಕ್ರೈಸ್ತರು ಕೂಡುತ್ತಿದ್ದ ಮೂರನೆಯ ಶತಮಾನದ ಒಂದು ಮನೆ 1930ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂತು. ಹೊರಗಿನಿಂದ ಅದು ಅಕ್ಕಪಕ್ಕದ ಮನೆಗಳಂತೆಯೇ. ಒಳಗೆ ಎರಡು ಕೋಣೆಗಳ ನಡುವಿನ ಗೋಡೆಯನ್ನು ಒಡೆದಿದ್ದಾರೆ, ಎಲ್ಲರೂ ಒಟ್ಟಿಗೆ ಕೂರಲು. ಇನ್ನೊಂದು ಪುಟ್ಟ ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ, ಅದರ ಮೇಲೆ ಹೆಗಲಿಗೆ ಕುರಿ ಹೊತ್ತ ಕುರುಬನ ಚಿತ್ರ. ಕ್ರೈಸ್ತ ಆಲಯ ಕಟ್ಟುವುದರ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಕುರುಹುಗಳಲ್ಲಿ ಒಂದು ಹೀಗೆ ಒಂದು ಗೋಡೆಯನ್ನು ಕೆಡವಿದ್ದು. ನನಗೆ ಇದು ಬಹಳ ಹಿಡಿಸುತ್ತದೆ.

ಇನ್ನು ಅಭಿಮಾನ ದಾರಿ ತಪ್ಪುವ ಮಾತು. ರೋಮಾಪುರದವರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ ಪೌಲನು ತನ್ನ ಜನರಾದ ಯೆಹೂದ್ಯರ ಕುರಿತು, ದೇವರಲ್ಲಿ ಅವರಿಗೆ ಆಸಕ್ತಿಯಿದೆ, ಆದರೆ ಅದು ಜ್ಞಾನಾನುಸಾರವಾದದ್ದಲ್ಲ ಎನ್ನುವಾಗ ದೂರ ನಿಂತು ಹೇಳುತ್ತಿಲ್ಲ. ತನ್ನ ಆಸಕ್ತಿ ಎಂಥದು ಎಂಬುದಕ್ಕೆ ಫಿಲಿಪ್ಪಿಯವರಿಗೆ ಅವನೇ ಕೊಟ್ಟ ಪುರಾವೆ, ಸಭೆಯನ್ನು ಹಿಂಸಿಸಿದೆನು ಎಂಬುದು. ನಿಮ್ಮನ್ನು ಕೊಲ್ಲುವವರು ದೇವರಿಗೆ ಸೇವೆ ಸಲ್ಲಿಸಿದೆವೆಂದು ಭಾವಿಸುವ ಕಾಲ ಬರುತ್ತದೆ ಎಂದು ಯೇಸು ಶಿಷ್ಯರಿಗೆ ಮೊದಲೇ ಹೇಳಿದ್ದನು. ಕ್ರೈಸ್ತರ ಕೈಯೂ ಶುದ್ಧವಾಗಿಲ್ಲ. 1522ರಲ್ಲಿ ವಿಟೆನ್‌ಬರ್ಗ್ ಪಟ್ಟಣದಲ್ಲಿ ಚರ್ಚಿನ ಸುಧಾರಣೆಯ ಹುರುಪಿನಲ್ಲಿ ಗಲಭೆ, ಪ್ರತಿಮೆ ಒಡೆಯುವ ಮಾತು ಎದ್ದಾಗ, ಅಡಗುದಾಣದಲ್ಲಿದ್ದ ಮಾರ್ಟಿನ್ ಲೂಥರ್ ಪ್ರಾಣಭಯವಿದ್ದರೂ ಹಿಂದಿರುಗಿ ಮಾರ್ಚ್ ತಿಂಗಳಲ್ಲಿ ಎಂಟು ದಿನ ದಿನಕ್ಕೊಂದು ಪ್ರಸಂಗ ಮಾಡಿ ಜನರನ್ನು ಶಾಂತಗೊಳಿಸಿದರು. ಬಲವಂತದಿಂದಲ್ಲ, ವಾಕ್ಯದಿಂದ ಎಂಬುದು ಅವರ ವಾದ. ಎಲ್ಲೆಡೆಯೂ ಹಾಗೆ ತಡೆಯುವವರು ಸಿಗಲಿಲ್ಲ. 1566ರಲ್ಲಿ ನೆದರ್ಲೆಂಡ್ಸ್ ಪ್ರಾಂತ್ಯಗಳಲ್ಲಿ ಗುಂಪುಗಳು ಚರ್ಚುಗಳಿಗೆ ನುಗ್ಗಿ ಪ್ರತಿಮೆ, ಚಿತ್ರ, ವೇದಿಕೆಗಳನ್ನು ಪುಡಿಗಟ್ಟಿದವು. ಹಿಂದಿನ ಸಂಜೆ ಹೋಗಿ ಸುತ್ತಲೂ ನೋಡಿಬಂದವರು ಅವರಲ್ಲಿ ಎಷ್ಟು ಮಂದಿ ಇದ್ದಾರು?

ಬೇರೆಯವರ ಆರಾಧನಾ ಸ್ಥಳದ ಕುರಿತು ಕ್ರೈಸ್ತನ ನಡತೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವನ್ನು. ಎಫೆಸದಲ್ಲಿ ಪೌಲನು ಎರಡು ವರ್ಷಕ್ಕೂ ಮಿಗಿಲಾಗಿ ಬೋಧಿಸಿದ. ಅಲ್ಲಿನ ಅರ್ತೆಮೀ ದೇವಿಯ ಗುಡಿ ಜಗತ್ಪ್ರಸಿದ್ಧ. ಕೊನೆಗೆ ದೊಂಬಿ ಎದ್ದಾಗ ಪಟ್ಟಣದ ಲೇಖಕನು ಜನರಿಗೆ ಹೇಳಿದ್ದು: ಈ ಮನುಷ್ಯರು ಗುಡಿಯನ್ನು ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ. ಪೌಲನ ಹುರುಪಿಗೆ ಕೊರತೆಯಿತ್ತೆಂದು ಯಾರೂ ಹೇಳಲಾರರು. ಅವನ ನಡತೆಗೆ ಈ ಸಾಕ್ಷಿ ನುಡಿದವನು ಅವನ ನಂಬಿಕೆಯನ್ನು ಒಪ್ಪದವನು.

ಆಲಯವನ್ನು ಚೆಂದವಾಗಿಡುವುದಕ್ಕೆ ನಾನು ವಿರೋಧಿಯಲ್ಲ. ತಾವು ಹಲಗೆ ಹೊದಿಸಿದ ಮನೆಗಳಲ್ಲಿ ಕೂತು ದೇವರ ಮನೆಯನ್ನು ಹಾಳುಬಿಟ್ಟವರನ್ನು ಕ್ರಿಸ್ತಪೂರ್ವ 520ರಲ್ಲಿ ಪ್ರವಾದಿ ಹಗ್ಗಾಯನು ಗದರಿಸಿದ ಮಾತು ಇಂದಿಗೂ ಚುಚ್ಚುತ್ತದೆ. ಸೋರುವ ಸೂರಿನ ಕೆಳಗೆ ಪಾತ್ರೆಯಿಟ್ಟು ವರ್ಷಗಳನ್ನು ಕಳೆಯುವ ಸಭೆಗೆ ಭಕ್ತಿಯ ಮಾತು ಶೋಭಿಸುವುದಿಲ್ಲ. ಆದರೆ ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್, ಯುದ್ಧದಲ್ಲಿ ಸೆರೆಹೋದವರನ್ನು ಬಿಡಿಸಲು ಆಲಯದ ಪವಿತ್ರ ಪಾತ್ರೆಗಳನ್ನೇ ಕರಗಿಸಿಕೊಟ್ಟರು. ಟೀಕೆ ಬಂದಾಗ, ಚಿನ್ನವನ್ನು ಉಳಿಸುವುದಕ್ಕಿಂತ ಜನರನ್ನು ಉಳಿಸುವುದು ಮೇಲು ಎಂದು ಸಮರ್ಥಿಸಿಕೊಂಡರು. ಅದೇ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಬೋಧಿಸುತ್ತಿದ್ದ ಜಾನ್ ಕ್ರಿಸೊಸ್ತಮ್, ಆಲಯದೊಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ, ಬಾಗಿಲ ಹೊರಗೆ ಚಳಿಯಲ್ಲಿ ಬೆತ್ತಲೆ ನಡುಗುವ ಅದೇ ಕ್ರಿಸ್ತನನ್ನು ದಾಟಿಹೋಗಬೇಡಿ ಎಂದು ಎಚ್ಚರಿಸಿದರು. ಇವರಿಬ್ಬರೂ ಆಲಯದ ಬಗ್ಗೆ ಉದಾಸೀನರಲ್ಲ, ಅದರಲ್ಲೇ ಬದುಕು ಸವೆಸಿದವರು.

ಈಗ ಆ ಇನ್ನೊಬ್ಬರ ಮಾತು. ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಪ್ರತಿ ಶನಿವಾರ ಸಂಜೆ ಆಲಯದ ಬೆಂಚುಗಳನ್ನು ಒರೆಸುವುದು ಅವರು ತಾವಾಗಿಯೇ ವಹಿಸಿಕೊಂಡ ಕೆಲಸವಾಗಿತ್ತು. ಒಂದು ಬಕೆಟ್, ಎರಡು ಬಟ್ಟೆ. ಒದ್ದೆ ಬಟ್ಟೆಯನ್ನು ಎರಡು ಸಲ ಹಿಂಡುತ್ತಿದ್ದರು, ಮರಕ್ಕೆ ನೀರು ಇಳಿಯಬಾರದೆಂದು. ಕೂರುವ ಹಲಗೆ, ಬೆನ್ನಿನ ಹಲಗೆ, ಕೀರ್ತನೆ ಪುಸ್ತಕ ಇಡುವ ಅಂಚು, ಆಮೇಲೆ ಮೊಣಕಾಲೂರುವ ಜಾಗ. ಅಲ್ಲಿ ಒರೆಸುವಾಗ ತಾವೂ ಮೊಣಕಾಲೂರುತ್ತಿದ್ದರು. ಏನೋ ಗುಣುಗುತ್ತಿದ್ದರು. ಹಾಡೆಂದು ನಾನು ಎಷ್ಟೋ ವರ್ಷ ತಿಳಿದಿದ್ದೆ. ಒಂದು ದಿನ ಹತ್ತಿರ ಹೋದಾಗ ಕೇಳಿಸಿತು: ಹೆಸರುಗಳು. ಆ ಬೆಂಚಿನಲ್ಲಿ ಯಾರು ಯಾರು ಕೂರುತ್ತಾರೋ ಅವರೆಲ್ಲರ ಹೆಸರುಗಳು.

ಆ ತಾಯಿ ಬರದೆ ಮೂರನೆಯ ಶನಿವಾರ ಇರಬೇಕು. ಅಜ್ಜಿ ನನ್ನನ್ನು ಕರೆದು ಅಂಗೈ ಬಿಚ್ಚಿ ತೋರಿಸಿದರು. ಮಗುವಿನ ಒಂದು ಕಾಲುಚೀಲ, ಹೆಬ್ಬೆರಳಿನಷ್ಟು ಉದ್ದದ್ದು, ಬೆಂಚಿನ ಕೆಳಗೆ ಸಿಕ್ಕಿದ್ದು. ಒಗೆದು ಒಣಗಿಸಿಟ್ಟಿದ್ದರು.

“ಈ ಮಗು ಎಲ್ಲಿ ಹೋಯಿತಪ್ಪಾ? ಅದರ ತಾಯಿಯ ಹೆಸರು ನನಗೆ ಗೊತ್ತಿಲ್ಲ. ಹೆಸರಿಲ್ಲದೆ ಎರಡು ವಾರದಿಂದ ಬೇಡುತ್ತಿದ್ದೇನೆ.”

ನಾನು ಕೈ ತೋರಿಸಿ ಕಳಿಸಿದ ಆ ತಾಯಿಯ ಹೆಸರು ನನಗೂ ಗೊತ್ತಿರಲಿಲ್ಲ. ಕೇಳಿ ಪತ್ತೆಹಚ್ಚಿ ಆ ಕಾಲುಚೀಲ ಹಿಡಿದು ಅವರ ಮನೆಗೆ ಹೋದೆ. ಕ್ಷಮಿಸಮ್ಮ, ತಪ್ಪಾಯಿತು ಎಂದೆ. ಅವಳು ಅತ್ತಳು. ಒಂದು ತಿಂಗಳ ನಂತರ ಮತ್ತೆ ಬಂದಳು, ಮೊದಲು ಕೂತ ಬೆಂಚಿನಲ್ಲೇ ಕೂತಳು. ಮಗು ಅಂದೂ ಅತ್ತಿತು.

ಉಪನ್ಯಾಸ ಮುಗಿದ ಮೇಲೆ ಒಬ್ಬ ಯುವಕರು ಎದ್ದು ಕೇಳಿದರು: ಆರಾಧನೆಯನ್ನು ಮನೆಯಲ್ಲೇ ಮೊಬೈಲಿನಲ್ಲಿ ನೋಡಬಹುದಾದ ಈ ಕಾಲದಲ್ಲಿ ಆಲಯಕ್ಕೇ ಬರಬೇಕೆಂಬ ಹಟವೇಕೆ? ಬರಲು ಶಕ್ತಿಯಿದ್ದವರಿಗೆ ನನ್ನ ಉತ್ತರ, ಸಭೆಯಾಗಿ ಕೂಡುವುದನ್ನು ಬಿಟ್ಟುಬಿಡಬೇಡಿ ಎಂಬ ಇಬ್ರಿಯರಿಗೆ ಬರೆದ ಪತ್ರಿಕೆಯ ಮಾತು. ನಿಮ್ಮ ಪಕ್ಕದಲ್ಲಿ ಕೂತವರ ಅಳು ಮೊಬೈಲಿನಲ್ಲಿ ಕೇಳಿಸುವುದಿಲ್ಲ. ಶಕ್ತಿಯಿಲ್ಲದವರ ಮಾತೇ ಬೇರೆ. ಎರಡನೆಯ ಶತಮಾನದ ನಡುವಿನಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಪಂಡಿತರು ತಮ್ಮವರ ಭಾನುವಾರದ ಆರಾಧನೆ ಹೇಗೆ ನಡೆಯುತ್ತಿತ್ತೆಂದು ಚಕ್ರವರ್ತಿಗೆ ಬರೆದು ತಿಳಿಸಿದ್ದಾರೆ. ವಾಚನ, ಬೋಧನೆ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ. ಅದಾದ ಮೇಲೆ, ಬರಲಾಗದವರಿಗೆ ಅವರ ಪಾಲನ್ನು ಸಭಾಸೇವಕರು ಒಯ್ದು ಮುಟ್ಟಿಸುತ್ತಿದ್ದರು.

ನಮ್ಮ ಸಭೆಯ ಪಟ್ಟಿಯಲ್ಲಿ ಈಗ ಅಂಥ ಮೂರು ಹೆಸರುಗಳಿವೆ. ಅವರಲ್ಲಿ ಒಬ್ಬರು ಆ ಅಜ್ಜಿ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾರೆ, ಶನಿವಾರ ಸಂಜೆ ಮಲಗಿದಲ್ಲೇ ಬೆಂಚುಗಳ ಲೆಕ್ಕದಲ್ಲಿ ಹೆಸರು ಹೇಳುತ್ತಾರೆ. ಹೊಸದಾಗಿ ಬಂದವರು ಯಾರು, ಎಲ್ಲಿ ಕೂರುತ್ತಾರೆ ಎಂದು ನಮ್ಮನ್ನು ಕೇಳುತ್ತಾರೆ. ಬರುವ ಭಾನುವಾರ ಮಧ್ಯಾಹ್ನ ಸಭಾಪಾಲಕರೊಡನೆ ಆ ಮೂರು ಮನೆಗಳಿಗೂ ಹೋಗುತ್ತಿದ್ದೇವೆ. ಜೊತೆಗೆ ಬರುವವರು ಈಗ ಬಾಗಿಲ ಬಳಿ ನನ್ನನ್ನು ಕಂಡು ಹೆಸರು ಹೇಳಿ ಹೋಗಿ.